ಮಲಗಿದ್ದಾಗ ಬರುವ ಬಾಡಿಗೆ

"ಒಂದು ಫ್ಲಾಟ್ ತಗೊಂಡು ಬಾಡಿಗೆಗೆ ಬಿಟ್ಟುಬಿಡಿ ಸಾರ್, ನೀವು ಮಲಗಿದ್ದಾಗಲೂ ದುಡ್ಡು ಬರ್ತಾ ಇರುತ್ತೆ."

ಈ ಒಂದು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಸಂಘದ ಯಕ್ಷಗಾನದ ಬಿಡುವಿನಲ್ಲಿ, ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿಯಲ್ಲಿ, ಲೋಕಲ್ ಟ್ರೈನಿನ ನಾಲ್ಕನೇ ಸೀಟಿನಲ್ಲಿ ಅರ್ಧ ತೊಡೆ ಊರಿ ಕೂತವರ ಬಾಯಲ್ಲಿ... ಎಲ್ಲ ಕಡೆಯೂ ಇದೇ ಮಂತ್ರ. ಇದಕ್ಕೆ 'ಪ್ಯಾಸಿವ್ ಇನ್ಕಮ್' ಅಂತ ಹೆಸರಂತೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಈಗಿನವರು ಮಲಗಿ ಉಣ್ಣುವ ದಾರಿ ಹುಡುಕಿದ್ದಾರೆ.

ನಾನು ಇದಕ್ಕೆ ವಿರುದ್ಧ. ಎಲ್ಲರಿಗೂ ಅಲ್ಲ, ಎಲ್ಲ ಕಾಲಕ್ಕೂ ಅಲ್ಲ. ಆದರೆ ನಮ್ಮಂಥ ಸಂಬಳದವರು, ಇರಲು ಒಂದು ಮನೆ ಆದಮೇಲೆ, ಸಾಲ ತೆಗೆದು ಎರಡನೆಯದು ಮೂರನೆಯದು ಕೊಂಡು 'ಬಾಡಿಗೆ ಬರುತ್ತೆ, ಸಾಲ ತಾನಾಗಿ ತೀರುತ್ತೆ' ಅನ್ನುವುದಿದೆಯಲ್ಲ, ಅದು ಲೆಕ್ಕವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ.

ಕೈಗೆಟುಕದ ದ್ರಾಕ್ಷಿ ಹುಳಿ ಅನ್ನಬೇಡಿ. ನಾನು ಕುಂದಾಪುರದ ಕಡೆಯಿಂದ 1981ರಲ್ಲಿ ಮುಂಬಯಿಗೆ ಬಂದವ. ಬದುಕೆಲ್ಲ ಅಕೌಂಟ್ಸ್ ವಿಭಾಗದಲ್ಲಿ ಕಳೆಯಿತು. ಡೊಂಬಿವಲಿಯಲ್ಲಿ ನಾವಿರುವ ಸೊಸೈಟಿಗೆ 9 ವರ್ಷಗಳಿಂದ ಸೆಕ್ರೆಟರಿ. ಕಲ್ಯಾಣಿನಲ್ಲಿ ಒಂದು ಬೆಡ್‌ರೂಮಿನ ಸಣ್ಣ ಮನೆ ಇದೆ, 2003ರಿಂದ ಬಾಡಿಗೆಗೆ ಕೊಟ್ಟಿದ್ದೇನೆ. ಅದರ ಪೈಸೆ ಪೈಸೆ ಲೆಕ್ಕವೂ ಒಂದು ಉದ್ದ ಪುಸ್ತಕದಲ್ಲಿದೆ. ಮನೆ ಮಾಲೀಕ, ಸೊಸೈಟಿ, ಬಾಡಿಗೆದಾರ, ಈ ಮೂರೂ ಕಡೆಯ ಗೋಳು ಕೇಳಿದವ ನಾನು.

ಮೊದಲು ಲೆಕ್ಕ ಮಾಡೋಣ. ಠಾಣೆಯಿಂದ ಆಚೆ ಒಂದು ಫ್ಲಾಟಿಗೆ 80 ಲಕ್ಷ ಅಂತ ಇಟ್ಟುಕೊಳ್ಳಿ. 20 ಲಕ್ಷ ಕೈಯಿಂದ, 60 ಲಕ್ಷ ಸಾಲ. ಸ್ಟ್ಯಾಂಪ್ ಡ್ಯೂಟಿ ಆ ಕಡೆ ಶೇಕಡಾ 7, ಅಂದರೆ 5 ಲಕ್ಷ 60 ಸಾವಿರ. ರಿಜಿಸ್ಟ್ರೇಷನ್ನಿಗೆ 30 ಸಾವಿರ. ಬೀಗ ತೆಗೆಯುವ ಮೊದಲೇ ಕೈಯಿಂದ 25 ಲಕ್ಷ 90 ಸಾವಿರ ಹೋಯಿತು. ಇನ್ನೂ ಕಟ್ಟುತ್ತಿರುವ ಕಟ್ಟಡವಾದರೆ ಜಿಎಸ್‌ಟಿ ಬೇರೆ. ಶೇಕಡಾ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ತಿಂಗಳಿಗೆ 50 ಸಾವಿರದ ಮೇಲೆ ಚಿಲ್ಲರೆ.

ಇನ್ನು ಬಾಡಿಗೆ. ಅಂಥ ಮನೆಗೆ 20 ಸಾವಿರ ಸಿಕ್ಕರೆ ಪುಣ್ಯ. ಅದರಲ್ಲಿ ಮೇಂಟೆನೆನ್ಸ್ 3,500 ತೆಗೆಯಿರಿ. ಪ್ರಾಪರ್ಟಿ ಟ್ಯಾಕ್ಸ್ ತಿಂಗಳಿಗೆ ಸಾವಿರ ಅಂತ ಹಿಡಿಯಿರಿ. ಬಾಡಿಗೆದಾರ ಬದಲಾದಾಗ ಬ್ರೋಕರ್, ಪೇಂಟಿಂಗ್, ನಡುವೆ ಒಂದೆರಡು ತಿಂಗಳು ಖಾಲಿ, ಇದನ್ನೆಲ್ಲ ಹಂಚಿದರೆ ಇನ್ನೊಂದು 1,500. ಉಳಿದದ್ದು 14 ಸಾವಿರ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಯೇ 40 ಸಾವಿರ ಇರುತ್ತದೆ ಸ್ವಾಮಿ! ಬಾಡಿಗೆ ಸಾಲ ತೀರಿಸುವುದು ಹಾಗಿರಲಿ, ಬಡ್ಡಿಯ ಅರ್ಧವನ್ನೂ ಮುಟ್ಟುವುದಿಲ್ಲ. ಪ್ರತಿ ತಿಂಗಳು 36 ಸಾವಿರ ನಿಮ್ಮ ಸಂಬಳದಿಂದ ಹೋಗುತ್ತದೆ. ಮಲಗಿದ್ದಾಗ ಬರುವುದಲ್ಲ, ಮಲಗಿದ್ದಾಗ ಹೋಗುವುದು.

"ಬಾಡಿಗೆ ವರ್ಷ ವರ್ಷ ಏರುತ್ತಲ್ಲ?" ಏರುತ್ತದೆ. ವರ್ಷಕ್ಕೆ ಶೇಕಡಾ 5ರಂತೆ ತಪ್ಪದೆ ಏರಿದರೂ ಆ 14 ಸಾವಿರ 50 ಸಾವಿರ ಆಗಲು 26 ವರ್ಷ ಬೇಕು. ಸಾಲ 20 ವರ್ಷಕ್ಕೆ ಮುಗಿದಿರುತ್ತದೆ. ಅಂದರೆ ಸಾಲವನ್ನು ಬಾಡಿಗೆ ತೀರಿಸಿತು ಅಂತ ಹೇಳುವ ದಿನ ಬರುವುದೇ ಇಲ್ಲ. ತೀರಿಸಿದವರು ನೀವು.

ತೆರಿಗೆಯಲ್ಲಿ ಉಳಿಯುತ್ತೆ ಅಂತ ಹೇಳುವ ಏಜೆಂಟರು ಇನ್ನೂ ಇದ್ದಾರೆ. ಅವರ ಮಾತು ಹತ್ತು ವರ್ಷ ಹಳೆಯದು. ಮೊದಲು ಬಾಡಿಗೆ ಮನೆಯ ಬಡ್ಡಿಯಿಂದಾದ ನಷ್ಟವನ್ನೆಲ್ಲ ಸಂಬಳದಿಂದ ಕಳೆಯಬಹುದಿತ್ತು. 2017ರ ಬಜೆಟ್ಟಿನಲ್ಲಿ ಅದಕ್ಕೆ ವರ್ಷಕ್ಕೆ 2 ಲಕ್ಷದ ಮಿತಿ ಹಾಕಿದರು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ನಷ್ಟವನ್ನು ಸಂಬಳದಿಂದ ಕಳೆಯುವ ಅವಕಾಶವೇ ಇಲ್ಲ. ಬಾಡಿಗೆಯಲ್ಲಿ ಶೇಕಡಾ 30 ರಿಪೇರಿ ಇತ್ಯಾದಿಗೆ ಅಂತ ಬಿಡುತ್ತಾರೆ, ಅಷ್ಟೇ. ಸೊಸೈಟಿಗೆ ಕಟ್ಟುವ ಮೇಂಟೆನೆನ್ಸೂ ಅದರೊಳಗೇ ಬಂತು.

ಇಲ್ಲಿಗೆ ಬಂದಾಗ ಎದುರಿನವರು ತುರುಪು ಎಲೆ ಬಿಡುತ್ತಾರೆ. "ಬಾಡಿಗೆ ಬಿಡಿ ಸಾರ್, ಬೆಲೆ ನೋಡಿ. ಆಗ 2 ಲಕ್ಷಕ್ಕೆ ತಗೊಂಡದ್ದು ಈಗ ಎಷ್ಟಾಯ್ತು?"

ನೋಡೋಣ. ನನ್ನ ಕಲ್ಯಾಣಿನ ಮನೆ 1992ರಲ್ಲಿ ಎಲ್ಲ ಸೇರಿ 2 ಲಕ್ಷ 20 ಸಾವಿರಕ್ಕೆ ಬಂತು. ಈಗ ಬ್ರೋಕರ್ 38 ಲಕ್ಷ ಅನ್ನುತ್ತಾನೆ. ಕೇಳಲು ಕಿವಿಗೆ ಇಂಪು, ಹದಿನೇಳು ಪಟ್ಟು! ಚಕ್ರಬಡ್ಡಿಯ ಲೆಕ್ಕ ಹಾಕಿ, ವರ್ಷಕ್ಕೆ ಸುಮಾರು ಶೇಕಡಾ 9 ಬರುತ್ತದೆ. ಆ ಕಾಲದಲ್ಲಿ ಪೋಸ್ಟಾಫೀಸಿನ ಪಿಪಿಎಫ್ ಕೊಡುತ್ತಿದ್ದದ್ದು ಶೇಕಡಾ 12. ಅದು ಇಳಿದದ್ದು 2000ದ ಜನವರಿಯಲ್ಲಿ. ನಲ್ಲಿ ಸೋರಿತು ಅಂತ ಪಿಪಿಎಫ್ ಪುಸ್ತಕ ಯಾವತ್ತೂ ರಾತ್ರಿ ಹತ್ತಕ್ಕೆ ಫೋನ್ ಮಾಡಲಿಲ್ಲ. ಶೇರು ಪೇಟೆಯ ಮಾತು ಹೇಳುವುದಾದರೆ, ಸೆನ್ಸೆಕ್ಸ್ ಮೊದಲ ಸಲ 4,000 ದಾಟಿದ್ದು 1992ರ ಮಾರ್ಚಿನಲ್ಲಿ, ಹರ್ಷದ್ ಮೆಹ್ತಾನ ಉಬ್ಬರದ ತುದಿಯಲ್ಲಿ. 2024ರ ಸೆಪ್ಟೆಂಬರಿನಲ್ಲಿ 85,000 ಮುಟ್ಟಿತು. ಅಂದರೆ ಅಂಥ ಕೆಟ್ಟ ದಿನ ಹಾಕಿದ ದುಡ್ಡೂ 21 ಪಟ್ಟಾಯಿತು, ಡಿವಿಡೆಂಡ್ ಬೇರೆ. ಎಲ್ಲರೂ ಶೇರಿಗೆ ಹಾಕಿ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ಬೆಂದವರ ಕಥೆಯೂ ನನಗೆ ಗೊತ್ತು. 'ಮನೆಯಷ್ಟು ಬೇರೆ ಯಾವುದೂ ಬೆಳೆಯುವುದಿಲ್ಲ' ಅನ್ನುವುದು ಲೆಕ್ಕ ಮಾಡದವರ ಮಾತು ಅಂತ ತೋರಿಸಲು ಹೇಳಿದೆ. ಬೆಲೆ ಏರಿದ್ದು ಎಲ್ಲರಿಗೂ ನೆನಪಿರುತ್ತದೆ, ಎಷ್ಟು ವರ್ಷ ಹಿಡಿಯಿತು ಅನ್ನುವುದು ಮರೆತಿರುತ್ತದೆ.

ಹಾಗಾದರೆ ನೀವು ಯಾಕೆ ಮಾರಿಲ್ಲ ಅಂತ ಕೇಳಬಹುದು. ಅದು ನಾವು ವಾಸಕ್ಕೆಂದೇ ಕೊಂಡ ಮನೆ. ಹನ್ನೊಂದು ವರ್ಷ ಇದ್ದೆವು, ಮಗಳು ನಡೆಯಲು ಕಲಿತದ್ದು ಅಲ್ಲೇ. ಸಾಲ 2001ರಲ್ಲೇ ತೀರಿದೆ. ಡೊಂಬಿವಲಿಯಿಂದ ಟ್ರೈನಿನಲ್ಲಿ ಹತ್ತು ನಿಮಿಷದ ದಾರಿ. ಹೆಂಡತಿಗೆ ಮಾರಲು ಮನಸ್ಸಿಲ್ಲ. ಇದನ್ನು ಪ್ರೀತಿ ಅಂತ ಕರೆಯಿರಿ, ಇನ್ವೆಸ್ಟ್‌ಮೆಂಟ್ ಅಂತ ಕರೆಯಬೇಡಿ. ಈಗ 11,500 ಬಾಡಿಗೆ ಬರುತ್ತದೆ, 38 ಲಕ್ಷದ ಮೇಲೆ ಶೇಕಡಾ 3.6, ಅದೂ ಖರ್ಚು ಕಳೆಯುವ ಮೊದಲು.

ಈ ಬಾಡಿಗೆಯ ಮಂತ್ರ ನಮ್ಮ ನೆಲದಲ್ಲಿ ಹುಟ್ಟಿದ್ದೂ ಅಲ್ಲ. ಅಮೆರಿಕದ ರಾಬರ್ಟ್ ಕಿಯೋಸಾಕಿ 1997ರಲ್ಲಿ 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಬರೆದ. ಆಮೇಲೆ ನಮ್ಮ ಫುಟ್‌ಪಾತಿನ ಪೈರೇಟೆಡ್ ಪುಸ್ತಕದ ರಾಶಿಯಲ್ಲಿ ಅದು ಇಲ್ಲದ ದಿನವಿಲ್ಲ. ಅಲ್ಲಿನವರು 30 ವರ್ಷಕ್ಕೆ ಒಂದೇ ಬಡ್ಡಿಯಲ್ಲಿ ಸಾಲ ತೆಗೆಯಬಹುದು. ಕೊನೆಯ ಕಂತು ಎಷ್ಟು ಅಂತ ಮೊದಲ ದಿನವೇ ಗೊತ್ತು. ನಮ್ಮದು ತೇಲುವ ಬಡ್ಡಿ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು 4ರಿಂದ 6.5ಕ್ಕೆ ಏರಿಸಿದಾಗ ಎಷ್ಟೋ ಜನರ ಸಾಲದ ಅವಧಿ ಅವರಿಗೇ ತಿಳಿಯದಂತೆ ವರ್ಷಗಟ್ಟಲೆ ಉದ್ದವಾಯಿತು. ಐವತ್ತೈದರಲ್ಲಿ ಮುಗಿಯಬೇಕಾದ್ದು ರಿಟೈರ್ ಆದಮೇಲೂ ನಿಂತಿತು. ಆ ಊರಿನ ಅಂಗಿಯನ್ನು ಈ ಊರಿನ ಮೈಗೆ ಹಾಕಿಕೊಂಡರೆ ಗುಂಡಿ ಕೂರುವುದಿಲ್ಲ ಮಾರಾಯ್ರೆ.

ಮುಂಬಯಿಯಲ್ಲಿ ಬಾಡಿಗೆಯ ಚರಿತ್ರೆಯೇ ಬೇರೆ. ಹೊಸಬರಿಗೆ ಇದು ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ. 1947ರ ಬಾಂಬೆ ಬಾಡಿಗೆ ಕಾನೂನು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ತಾತ್ಕಾಲಿಕ ಏರ್ಪಾಡು ಅರ್ಧ ಶತಮಾನ ನಡೆಯಿತು. ಬಾಡಿಗೆಗೆಂದು ಹೊಸ ಕಟ್ಟಡ ಕಟ್ಟುವ ಉತ್ಸಾಹ ಅಲ್ಲಿಗೆ ಬತ್ತಿತು, ಇದ್ದ ಚಾಳುಗಳನ್ನು ರಿಪೇರಿ ಮಾಡುವವರಿಲ್ಲ, ಪಗಡಿಯ ಕಪ್ಪು ಹಣ ಬೆಳೆಯಿತು. ಬಾಡಿಗೆ ಬೇಡ, 'ಲೈಸೆನ್ಸ್' ಅಂತ ಕೊಡೋಣ ಅಂತ ಮಾಲೀಕರು ದಾರಿ ಹುಡುಕಿದರೆ, ಸರಕಾರ ತಿದ್ದುಪಡಿ ತಂದು 1973ರ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ಒಳಗಿದ್ದವರನ್ನೆಲ್ಲ ಬಾಡಿಗೆದಾರರು ಅಂತ ಘೋಷಿಸಿಬಿಟ್ಟಿತು. ಒಂದು ದಿನದಲ್ಲಿ! ಬೀಗ ಹಾಕಿ ಖಾಲಿ ಇಟ್ಟೇನು, ಯಾರಿಗೂ ಕೊಡೆನು ಅನ್ನುವ ಮುಂಬಯಿ ಮಾಲೀಕನ ಸ್ವಭಾವ ಗಟ್ಟಿಯಾದದ್ದು ಆಗ. ನಾನು ಬಂದ ಹೊಸದರಲ್ಲಿ ಹತ್ತು ತಿಂಗಳು ಒಂದು ಕಡೆ, ಹನ್ನೊಂದು ತಿಂಗಳು ಇನ್ನೊಂದು ಕಡೆ ಅಂತ ಟ್ರಂಕು ಹೊತ್ತು ತಿರುಗಿದ್ದು ಆ ಭಯದ ಫಲ. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಲೀವ್ ಆಂಡ್ ಲೈಸೆನ್ಸ್ ಅವಧಿ ಮುಗಿದ ಮೇಲೆ ಬಿಡದವರನ್ನು ಬೇಗ ಬಿಡಿಸುವ ದಾರಿ ಸಿಕ್ಕಿತು. ನಾನು 2003ರಲ್ಲಿ ಧೈರ್ಯ ಮಾಡಿ ಕೊಟ್ಟದ್ದು ಅದರಿಂದಲೇ. ಒಂದು ಮಾತು. ಈ ಕಾನೂನಿನಲ್ಲಿ ಕರಾರುಪತ್ರ ರಿಜಿಸ್ಟರ್ ಮಾಡಿಸುವುದು ಮಾಲೀಕನ ಜವಾಬ್ದಾರಿ, 11 ತಿಂಗಳಾದರೂ ಸರಿ, ಎಷ್ಟಾದರೂ ಸರಿ. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆಯೋ 5,000ದವರೆಗೆ ದಂಡವೋ ಆಗಬಹುದು. ಬರೀ ನೋಟರಿ ಸಾಕು ಅನ್ನುವ ಬ್ರೋಕರನ ಮಾತು ನಂಬಬೇಡಿ.

ಈಗ ಆ ಉದ್ದ ಪುಸ್ತಕಕ್ಕೆ ಬರುತ್ತೇನೆ. 22 ವರ್ಷಗಳಲ್ಲಿ 11 ಬಾಡಿಗೆದಾರರು. 19 ತಿಂಗಳು ಖಾಲಿ. 6 ಸಲ ಪೇಂಟಿಂಗ್. ಇದೆಲ್ಲ ಎಲ್ಲ ಮಾಲೀಕರಿಗೂ ಗೊತ್ತಿರುವುದೇ. ಆದರೆ ನಾನು ಇನ್ನೊಂದು ಕಾಲಂ ಹಾಕಿಟ್ಟಿದ್ದೇನೆ, ಹೆಂಡತಿ ನೋಡಿ ನಗುತ್ತಾಳೆ. 'ಭಾನುವಾರ' ಅಂತ ಅದರ ಹೆಸರು. ಆ ಮನೆಯ ಕೆಲಸಕ್ಕೆ ಹೋದ ಭಾನುವಾರಗಳ ಲೆಕ್ಕ. ಇಲ್ಲಿಯವರೆಗೆ 163.

ಏನು ಕೆಲಸ ಅಂತೀರಾ? ಮನೆ ತೋರಿಸಬೇಕು, ಒಂದು ಸಲ ಅಲ್ಲ, ಹತ್ತು ಜನರಿಗೆ. ಕರಾರಿಗೆ ಹೆಬ್ಬೆಟ್ಟು ಒತ್ತಬೇಕು, ಪೊಲೀಸ್ ಠಾಣೆಗೆ ಮಾಹಿತಿ ಕೊಡಬೇಕು. ಮಳೆಗಾಲದಲ್ಲಿ ಮೇಲಿನ ಮನೆಯ ಬಚ್ಚಲಿನಿಂದ ನಮ್ಮ ಅಡುಗೆಮನೆಯ ಛಾವಣಿಗೆ ನೀರು ಇಳಿಯುತ್ತದೆ. ಮೇಲಿನವರು ನಮ್ಮದಲ್ಲ ಅಂತಾರೆ, ಸೊಸೈಟಿ ಅದು ನಿಮ್ಮಿಬ್ಬರ ವ್ಯವಹಾರ ಅನ್ನುತ್ತದೆ, ಪ್ಲಂಬರ್ ನಾಳೆ ಅಂತಾನೆ. ಒಬ್ಬ ಬಾಡಿಗೆದಾರ ಮೂರು ತಿಂಗಳ ಲೈಟ್ ಬಿಲ್ ಬಾಕಿ ಇಟ್ಟು ಹೋದ. ಇನ್ನೊಬ್ಬ ಒಳ್ಳೆಯ ಹುಡುಗ, ಹೋಗುವಾಗ ಕೆಟ್ಟ ಫ್ರಿಜ್ಜು ಬಿಟ್ಟು ಹೋದ. ಅದನ್ನು ಮೂರು ಮಹಡಿ ಇಳಿಸಿ ಭಂಗಾರ್‌ವಾಲಾನಿಗೆ ಕೊಡುವಷ್ಟರಲ್ಲಿ ಒಂದು ಭಾನುವಾರ. ನನಗೆ ಹತ್ತು ನಿಮಿಷದ ದಾರಿ, ಆದರೂ ಇಷ್ಟು. ಚೆಂಬೂರಿನಲ್ಲಿದ್ದುಕೊಂಡು ಬದ್ಲಾಪುರದಲ್ಲಿ, ಪುಣೆಯಲ್ಲಿದ್ದುಕೊಂಡು ಬೆಂಗಳೂರಿನಲ್ಲಿ ಕೊಂಡವರ ಪಾಡು ಏನು? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಬಾಡಿಗೆಗೆ ಕೊಟ್ಟು ನೋಡು ಅನ್ನಲು ಮರೆತಿದ್ದಾರೆ.

ಕಟ್ಟಡಕ್ಕೂ ವಯಸ್ಸಾಗುತ್ತದೆ ಅನ್ನುವುದನ್ನೂ ಈ ಉಪದೇಶಕರು ಹೇಳುವುದಿಲ್ಲ. ಮುಪ್ಪಾದಾಗ ಸ್ಟ್ರಕ್ಚರಲ್ ಆಡಿಟ್, ಆಮೇಲೆ ರಿಪೇರಿಗೆ ಮನೆಗಿಷ್ಟು ಅಂತ ಲಕ್ಷಗಳಲ್ಲಿ ವಸೂಲಿ. ಜಮೀನು ಸೊಸೈಟಿಯ ಹೆಸರಿಗೆ ಆಗಿದೆಯೇ, ಕನ್ವೇಯನ್ಸ್ ಆಗಿದೆಯೇ ಅಂತ ಕೇಳಿದರೆ ನಮ್ಮಲ್ಲಿ ಎಷ್ಟೋ ಮಾಲೀಕರು ನನ್ನ ಮುಖ ನೋಡುತ್ತಾರೆ. ಬೆಲೆ ಏರುವುದು ನೆಲಕ್ಕೆ, ಗೋಡೆಗಲ್ಲ. ಆ ನೆಲ ಇನ್ನೂ ಬಿಲ್ಡರನ ಹೆಸರಿನಲ್ಲೇ ಇದ್ದರೆ ಏರಿದ್ದು ಯಾರದ್ದು?

ಸರಿ, ದುಡ್ಡಿನ ಮಾತು ಸಾಕು. ನನ್ನ ಸಿಟ್ಟು ಅಷ್ಟಕ್ಕೇ ಆದರೆ ಇಷ್ಟು ಬರೆಯುತ್ತಿರಲಿಲ್ಲ.

ನಮ್ಮ ಎದುರು ಕಟ್ಟಡದಲ್ಲಿ ಒಬ್ಬರು ಇದ್ದಾರೆ, ಬೈಂದೂರು ಕಡೆಯವರು. ಹೆಸರು ಬೇಡ, ಉಳಿದದ್ದೆಲ್ಲ ಬರೆಯಿರಿ ಅಂತ ಅವರೇ ಹೇಳಿದ್ದಾರೆ. ಒಳ್ಳೆಯ ಕಂಪನಿ, ಒಳ್ಳೆಯ ಸಂಬಳ. ಇರಲು ಡೊಂಬಿವಲಿಯ ಮನೆ. 2009ರಲ್ಲಿ ಬದ್ಲಾಪುರದಲ್ಲಿ ಒಂದು ತೆಗೆದರು. 2013ರಲ್ಲಿ ಕರ್ಜತ್ ಹತ್ತಿರ ಇನ್ನೂ ಪಾಯ ತೋಡುತ್ತಿದ್ದ ಕಟ್ಟಡದಲ್ಲಿ ಇನ್ನೊಂದು ಬುಕ್ ಮಾಡಿದರು. ಎರಡು ಕಂತು. 2014ರಲ್ಲಿ ಕಂಪನಿಯವರು ಮೂರು ವರ್ಷಕ್ಕೆ ಮಂಗಳೂರಿಗೆ ಹೋಗುತ್ತೀರಾ ಅಂತ ಕೇಳಿದರು. ಹೆಂಡತಿಗೆ ಖುಷಿ, ಮಕ್ಕಳು ಸಣ್ಣವರು. ಊರಲ್ಲಿ ಅಮ್ಮ ಒಬ್ಬರೇ. ಶನಿವಾರ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮನೆ. ಇವರು ಬೇಡ ಅಂದರು. ಯಾಕೆಂದರೆ ಮುಂಬಯಿ ಭತ್ಯೆ ಹೋದರೆ ಎರಡನೇ ಕಂತು ಕೂರುತ್ತಿರಲಿಲ್ಲ.

ಊರ ಮನೆಯ ಹಂಚು ಬದಲಿಸಬೇಕಿತ್ತು, ಪಕಾಸು ಗೆದ್ದಲು ಹಿಡಿದಿತ್ತು. ಅಮ್ಮ ಪ್ರತಿ ಏಪ್ರಿಲ್ಲಿನಲ್ಲಿ ಫೋನಿನಲ್ಲಿ ಹೇಳುವುದು, ಇವರು "ಬರುವ ವರ್ಷ ಮಾಡುವ ಅಮ್ಮ" ಅನ್ನುವುದು. 2016ರ ಆಟಿಯ ಮಳೆಗೆ ಪಡುಬದಿಯ ಗೋಡೆ ಕೂತಿತು. ಅಮ್ಮ ಶಿವಮೊಗ್ಗದ ಅಕ್ಕನ ಮನೆ ಸೇರಿದರು. 2019ರಲ್ಲಿ ಅಲ್ಲೇ ತೀರಿಕೊಂಡರು. ಮೂರು ಮನೆಯ ಯಜಮಾನ ಅಮ್ಮನ ಉತ್ತರಕ್ರಿಯೆ ಮಾಡಿದ್ದು ಅಕ್ಕನ ಮನೆಯಲ್ಲಿ. ಅವರೇ ನನಗೆ ಹೇಳಿದ ಮಾತು ಇದು, ನಾನು ಕಟ್ಟಿದ್ದಲ್ಲ. ಕರ್ಜತ್ತಿನ ಫ್ಲಾಟು 2018ರಲ್ಲಿ ಕೈಗೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಒಟ್ಟು ಆರು ತಿಂಗಳು ಬಾಡಿಗೆಗೆ ಹೋಗಿದೆ, ತಿಂಗಳಿಗೆ 4,500 ರೂಪಾಯಿಗೆ.

ಅವರು ಕುಡುಕರಲ್ಲ, ಜೂಜುಕೋರರಲ್ಲ. ಒಂದು ರೂಪಾಯಿ ದಂಡ ಮಾಡಿದವರಲ್ಲ. ಹೋಟೆಲಿನಲ್ಲಿ ಎರಡನೇ ಕಾಫಿ ಕುಡಿಯದವರು. ಎಲ್ಲರೂ ಅವರನ್ನು ನೋಡಿ ಕಲಿಯಿರಿ ಅನ್ನುತ್ತಿದ್ದರು, ಸಂಘದ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಕೊಡುತ್ತಿದ್ದರು. ನನ್ನ ಜಗಳ ಅವರ ಮೇಲೆ ಅಲ್ಲ, ಆ ಕುರ್ಚಿ ಕೊಟ್ಟವರ ಮೇಲೆ. ಊರು ಬಿಟ್ಟು ಬಂದ ನಮಗೆ ಗೌರವ ಅಳೆಯಲು ಬೇರೆ ಮಾಪು ಇಲ್ಲವಾಗಿದೆ. ಗಂಡಿನ ಜಾತಕದ ಜೊತೆ 'ಎರಡು ಫ್ಲಾಟ್ ಉಂಟು' ಅಂತ ಬರುತ್ತದೆ. ಮದುವೆ ಮನೆಯಲ್ಲಿ "ಎಷ್ಟು ಮಾಡಿದೆ?" ಅಂದರೆ ಎಷ್ಟು ಖೋಲಿ ಮಾಡಿದೆ ಅಂತಲೇ ಅರ್ಥ. ಸಾಲದ ಭಾರಕ್ಕೆ ಬಾಸಿನ ಬೈಗುಳ ನುಂಗಿಕೊಂಡು ಹತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತವರು, ಹೆಂಡತಿಯ ಮಂಡಿ ಆಪರೇಷನ್ ಮುಂದೂಡಿದವರು, ಎರಡು ವರ್ಷಕ್ಕೊಮ್ಮೆಯೂ ಊರಿಗೆ ಹೋಗದವರು, ಇವರೆಲ್ಲ ನಿಮ್ಮ ಪಕ್ಕದಲ್ಲೇ ಇದ್ದಾರೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇದು ಯಾವುದೂ ಕಾಣುವುದಿಲ್ಲ. ಇಷ್ಟೆಲ್ಲ ಮಾಡಿ ಕೊನೆಗೆ ಮಕ್ಕಳಿಗೆ ಅಂತಾರೆ. ಮಕ್ಕಳು ಟೊರಾಂಟೊದಲ್ಲಿ. ಅವರು ಬಂದು ಸೊಸೈಟಿ ಆಫೀಸಿನಲ್ಲಿ ನಾಮಿನಿ ಅಂದರೆ ಮಾಲೀಕನಲ್ಲ ಅನ್ನುವ ಪಾಠ ನನ್ನಿಂದ ಕೇಳಿ, ವಾರದ ರಜೆ ಮುಗಿಯುವ ಮೊದಲು ಸಿಕ್ಕಿದ ಬೆಲೆಗೆ ಮಾರಿ ಹೋಗುವುದನ್ನು ಈ 9 ವರ್ಷದಲ್ಲಿ ನಾಲ್ಕು ಸಲ ನೋಡಿದ್ದೇನೆ.

ಬಾಡಿಗೆ ಯಾರಿಗೆ ಅನ್ನ ಕೊಟ್ಟಿದೆ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ನನಗೆ ಗೊತ್ತಿರುವ ಒಬ್ಬರು ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಬಂದು ಕೋಟೆ ಭಾಗದ ಹೋಟೆಲಿನಲ್ಲಿ ಟೇಬಲ್ ಒರೆಸಿದವರು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಏಳನೇ ಕ್ಲಾಸು ಓದಿದವರು. ನಲವತ್ತು ವರ್ಷ ದುಡಿದರೂ ಪಿಎಫ್ ಇಲ್ಲ, ಪೆನ್ಷನ್ ಇಲ್ಲ. ಚೀಟಿ ಎತ್ತಿ, ಚಿನ್ನ ಅಡವಿಟ್ಟು, ನಾಲಾಸೋಪಾರದಲ್ಲಿ ಒಂದು ರೂಮು ಮಾಡಿದರು. ಈಗ ಊರಲ್ಲಿದ್ದಾರೆ, ತಿಂಗಳಿಗೆ 7 ಸಾವಿರ ಬರುತ್ತದೆ, ಗಂಡ ಹೆಂಡತಿಯ ಔಷಧಿ ಅಕ್ಕಿ ನಡೆಯುತ್ತದೆ. ಅದು ಅವರ ಪೆನ್ಷನ್. ನಮ್ಮ ಸೊಸೈಟಿಯಲ್ಲೇ ಗಂಡ ಸತ್ತ ಒಬ್ಬ ಅಕ್ಕ ಪಕ್ಕದ ಫ್ಲಾಟಿನ ಬಾಡಿಗೆಯಿಂದ ಮಗನನ್ನು ಓದಿಸಿದರು. ಇವರಿಬ್ಬರ ಮನೆಯ ಮೇಲೂ ಸಾಲ ಇರಲಿಲ್ಲ, ಇವರಿಗೆ ಬೇರೆ ಆಸರೆಯೂ ಇರಲಿಲ್ಲ. ಇವರನ್ನು ತೋರಿಸಿ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲ ಇರುವ ಮ್ಯಾನೇಜರನಿಗೆ ಮೂರನೇ ಫ್ಲಾಟ್ ಮಾರುವ ಏಜೆಂಟನಿಗೆ ನಾಚಿಕೆ ಬೇಡವೆ?

ಇನ್ನೊಂದು ವಿಷಯ, ಇದು ಹೇಳಿದರೆ ನಮ್ಮವರಿಗೇ ಕೋಪ ಬರುತ್ತದೆ. ಬರಲಿ. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸದರಲ್ಲಿ ಲುಂಗಿಯವರನ್ನು ಓಡಿಸಿ ಅನ್ನುವ ಗಲಾಟೆಯಲ್ಲಿ ನಮ್ಮವರ ಹೋಟೆಲುಗಳಿಗೆ ಕಲ್ಲು ಬಿದ್ದದ್ದು ಹಿರಿಯರಿಗೆ ನೆನಪಿದೆ. ನಾನು ಬಂದಾಗಲೂ 'ಮದ್ರಾಸಿ'ಗೆ ರೂಮು ಇಲ್ಲ ಅಂತ ಬಾಗಿಲು ಹಾಕಿದವರಿದ್ದರು. ಹಾಗೆ ಬಾಗಿಲಲ್ಲಿ ನಿಂತ ನಾವು ಈಗ ಬಾಗಿಲ ಒಳಗೆ ನಿಂತು ಏನು ಕೇಳುತ್ತೇವೆ? "ನೀವು ಯಾವ ಜನ?" ಮದುವೆಯಾಗಿದೆಯಾ? ಮೀನು ತಿನ್ನುತ್ತೀರಾ? ನಾವು ಮೀನು ತಿಂದು ಕೈ ತೊಳೆದು ಬಂದು ಇದನ್ನು ಕೇಳುತ್ತೇವೆ!

ಹೋದ ವರ್ಷ ಕಲಬುರಗಿ ಕಡೆಯ ಇಬ್ಬರು ನರ್ಸ್ ಹುಡುಗಿಯರು ಮನೆ ಹುಡುಕಿಕೊಂಡು ಬಂದರು. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಇಬ್ಬರಲ್ಲಿ ಒಬ್ಬಳು ಮುಸ್ಲಿಮ್. ನಮ್ಮ ಸುತ್ತಮುತ್ತ ಕನ್ನಡದವರದ್ದೇ ಏಳು ಫ್ಲಾಟು ಬಾಡಿಗೆಗಿತ್ತು. ಫೋನಿನಲ್ಲಿ ಕನ್ನಡ ಕೇಳಿ ಎಲ್ಲರೂ ಬನ್ನಿ ಬನ್ನಿ ಅಂದರು, ಹೆಸರು ಕೇಳಿದ ಮೇಲೆ ಏಳೂ ಬಾಗಿಲು ಹಾಕಿತು. ಅದರಲ್ಲಿ ನಮ್ಮ ಕಟ್ಟಡದ ಒಬ್ಬರು ಹೇಳಿದ್ದು: "ನನಗೆ ಏನೂ ಇಲ್ಲ ಮಗಾ, ಸೊಸೈಟಿಯವರು ಒಪ್ಪುವುದಿಲ್ಲ." ಸೊಸೈಟಿಯ ಸೆಕ್ರೆಟರಿ ನಾನೇ ಅಲ್ಲವೇ ಮಾರಾಯ್ರೆ! ನನ್ನನ್ನು ಯಾರು ಕೇಳಿದರು? ಮರುದಿನ ಅವರ ಮನೆಗೇ ಹೋಗಿ ಕೇಳಿದೆ. ಚಹಾ ಕೊಟ್ಟರು, ಉತ್ತರ ಕೊಡಲಿಲ್ಲ. ಆ ಫ್ಲಾಟು ಆಮೇಲೆ ಐದು ತಿಂಗಳು ಖಾಲಿ ಇತ್ತು. ಹುಡುಗಿಯರು ಒಬ್ಬ ಸಿಂಧಿ ಅಜ್ಜಿಯ ಮನೆಯಲ್ಲಿ ಉಳಿದರು, ಈಗಲೂ ಅಲ್ಲೇ ಇದ್ದಾರೆ.

2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 1 ಕೋಟಿ 10 ಲಕ್ಷ ಅಂತ ಲೆಕ್ಕ ಸಿಕ್ಕಿತು. ಒಂದು ಕಡೆ ಮನೆಗಾಗಿ ಅಲೆಯುವವರು, ಇನ್ನೊಂದು ಕಡೆ ಬೀಗ ಹಾಕಿದ ಮನೆ. ಆ ಬೀಗದ ಕೈಗಳಲ್ಲಿ ಕೆಲವು ನಮ್ಮವರ ಕಪಾಟಿನಲ್ಲೂ ಇವೆ.

ಇಷ್ಟಾದ ಮೇಲೂ ಕೊಳ್ಳುತ್ತೇನೆ ಅನ್ನುವವರಿದ್ದರೆ ನಾನು ತಡೆಯುವವನಲ್ಲ. ಸ್ಯಾಂಪಲ್ ಫ್ಲಾಟು ನೋಡಲು ಡಿಸೆಂಬರಿನಲ್ಲಿ ಹೋಗಬೇಡಿ, ಜುಲೈಯ ಮಳೆಯಲ್ಲಿ ಹೋಗಿ. ಬಿಲ್ಡರನ ಆಫೀಸಿಗಿಂತ ಮೊದಲು ಪಕ್ಕದ ಹಳೆಯ ಕಟ್ಟಡದ ವಾಚ್‌ಮನ್ ಹತ್ತಿರ ಮಾತಾಡಿ, ರಾತ್ರಿ ಎಷ್ಟು ಕಿಟಕಿಯಲ್ಲಿ ದೀಪ ಉರಿಯುತ್ತದೆ ಅಂತ ಕೇಳಿ. ಸೆಕ್ರೆಟರಿಯ ಹತ್ತಿರ ಬಾಕಿದಾರರ ಪಟ್ಟಿ ಕೇಳಿ. ಬಾಡಿಗೆಗೆ ಕೊಟ್ಟವರ ಮೇಲೆ ಎಷ್ಟು ಹೆಚ್ಚು ಹಾಕುತ್ತಾರೆ ಕೇಳಿ. 2001ರ ಸರಕಾರಿ ಆದೇಶದಂತೆ ಸರ್ವಿಸ್ ಚಾರ್ಜಿನ ಶೇಕಡಾ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಆದರೂ ತೆಗೆದುಕೊಳ್ಳುವವರಿದ್ದಾರೆ. ಮತ್ತೆ, ಕಂತಿನ ಮೊತ್ತವನ್ನು ಒಂದು ವರ್ಷ ಸುಮ್ಮನೆ ಬೇರೆ ಖಾತೆಗೆ ಹಾಕಿ ಬದುಕಿ ನೋಡಿ. ಆ ವರ್ಷ ಊರಿಗೆ ಎಷ್ಟು ಸಲ ಹೋದಿರಿ, ಮನೆಯಲ್ಲಿ ಎಷ್ಟು ಜಗಳವಾಯಿತು, ಅದನ್ನು ಹೆಂಡತಿ ಹೇಳುತ್ತಾಳೆ, ನೀವೇನೂ ಲೆಕ್ಕ ಇಡುವುದು ಬೇಡ.

ಅಂದ ಹಾಗೆ, ನಮ್ಮ ಬೈಂದೂರಿನವರು ಕರ್ಜತ್ತಿನ ಫ್ಲಾಟು ಮಾರಾಟಕ್ಕಿಟ್ಟಿದ್ದಾರೆ. ಬಂದ ದುಡ್ಡಿನಲ್ಲಿ ಊರಿನ ಆ ಪಡುಬದಿಯ ಗೋಡೆ ಎಬ್ಬಿಸಿ, ಹಂಚು ಹೊದಿಸುತ್ತಾರಂತೆ. ಬಡಗಿಯ ಹತ್ತಿರ ಮಾತಾಡಿ ಆಗಿದೆ. "ನಿಮ್ಮ ಪರಿಚಯದವರಲ್ಲಿ ಯಾರಿಗಾದರೂ ಬೇಕಾ ಕೇಳಿ ನೋಡಿ" ಅಂತ ನನಗೆ ಹೇಳಿದರು. ಇಷ್ಟೆಲ್ಲ ಬರೆದ ಮೇಲೆ ನನ್ನ ಪರಿಚಯದವರಲ್ಲಿ ಯಾರು ತೆಗೆದುಕೊಳ್ಳುತ್ತಾರೆ ಹೇಳಿ! ಆದರೂ ಕೇಳುತ್ತೇನೆ. ಸ್ವತಃ ವಾಸಕ್ಕೆ ಬೇಕಾದವರಿದ್ದರೆ ತಿಳಿಸಿ. ಮೂರನೇ ಮಹಡಿ, ಕಿಟಕಿಯಿಂದ ಮಾಥೇರಾನ್ ಬೆಟ್ಟ ಕಾಣುತ್ತದೆ.